ನಲವತ್ತರ ಅನಂತರ ಕಣ್ಣುಗಳ ಆರೈಕೆ

ಓದುವ ಕನ್ನಡಕಕ್ಕೆ ‘ಚಾಳೀಸು’ ಎಂಬ ಹೆಸರು ಕನ್ನಡದಲ್ಲಿ ರೂಢಿಯಲ್ಲಿದೆ. ಚಾಳೀಸ್ ಎಂದರೆ ನಲವತ್ತು. ಆ ವಯಸ್ಸಿನ ಸುಮಾರಿಗೆ ಕಣ್ಣಿನೊಳಗಿನ ಮಸೂರವು ತನ್ನ ಮೃದುತ್ವವನ್ನು ಕಳೆದುಕೊಳ್ಳತೊಡಗುತ್ತದೆ. ಪತ್ರಿಕೆಯನ್ನು ದೂರ ಹಿಡಿದ ಹೊರತು ಅಕ್ಷರಗಳು ಸ್ಫುಟವಾಗಿ ಕಾಣವು. ಇದು ರೋಗವಲ್ಲ, ವಯೋಧರ್ಮ. ಆದರೆ ಬೀದಿಬದಿಯ ಸಿದ್ಧ ಕನ್ನಡಕದಿಂದಲೇ ತೃಪ್ತರಾಗುವವರು, ನೇತ್ರತಜ್ಞರಿಂದ ಕಣ್ಣಿನ ಒಳಭಾಗವನ್ನೂ ಪರೀಕ್ಷಿಸಿಕೊಳ್ಳುವ ಸದವಕಾಶವನ್ನು ಕಳೆದುಕೊಳ್ಳುತ್ತಾರೆ.

ಮಸೂರವೇ ಮಂಜಾದರೆ ಅದು ಕಣ್ಣಿನ ಪೊರೆ. ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ಶಿಬಿರಗಳನ್ನು ನಡೆಸಿ ಪೊರೆಯ ಶಸ್ತ್ರಚಿಕಿತ್ಸೆಯನ್ನು ಬಡವರ ಬಾಗಿಲಿಗೆ ಒಯ್ದರು. 1968ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಹಿಂದೆ ಪೊರೆ ತೆಗೆಸಿದವರು ದಪ್ಪ ಗಾಜಿನ ಕನ್ನಡಕವನ್ನು ಆಶ್ರಯಿಸಬೇಕಾಗುತ್ತಿತ್ತು. ಈಗ ಸಣ್ಣ ರಂಧ್ರದ ಮೂಲಕ ಪೊರೆಯನ್ನು ತೆಗೆದು ಕೃತಕ ಮಸೂರವನ್ನು ಕೂರಿಸುತ್ತಾರೆ; ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳಬಹುದು. ‘ಪೊರೆ ಬಲಿಯಲಿ’ ಎಂದು ವರ್ಷಗಟ್ಟಲೆ ಕಾಯಬೇಕಾಗಿಲ್ಲ. ಅತಿಯಾಗಿ ಬಲಿತರೆ ಶಸ್ತ್ರಚಿಕಿತ್ಸೆ ಕಠಿಣವಾಗುವುದಲ್ಲದೆ, ಅಷ್ಟರಲ್ಲಿ ಮೆಟ್ಟಿಲು ಕಾಣದೆ ಬಿದ್ದು ಮೂಳೆ ಮುರಿಯುವ ಅಪಾಯವೂ ಉಂಟು.

ಪೊರೆಯಿಂದ ಮಸುಕಾದ ದೃಷ್ಟಿ ಬಹುಮಟ್ಟಿಗೆ ಮರಳುತ್ತದೆ. ಗ್ಲಾಕೋಮಾದಿಂದ ಹೋದದ್ದು ಮರಳದು. ಮರಾಠಿಗರು ಇದನ್ನು ಕಾಚಬಿಂದು ಎನ್ನುತ್ತಾರೆ, ದೆಹಲಿಯವರು ಕಾಲಾ ಮೋತಿಯಾ ಎನ್ನುತ್ತಾರೆ. ಇದರಲ್ಲಿ ಕಣ್ಣಿನ ನರವು ಮೆಲ್ಲಮೆಲ್ಲನೆ ಕ್ಷೀಣಿಸುತ್ತದೆ. ಒಳಗಿನ ಒತ್ತಡ ಇದಕ್ಕೆ ಮುಖ್ಯ ಕಾರಣ. ಮೊದಲು ಅಂಚಿನ ದೃಷ್ಟಿ ನಶಿಸುವುದರಿಂದ ರೋಗಿಗೆ ಬಹುಕಾಲ ತಿಳಿಯುವುದೇ ಇಲ್ಲ. ತಂದೆತಾಯಿ ಅಥವಾ ಒಡಹುಟ್ಟಿದವರಿಗೆ ಈ ರೋಗವಿದ್ದರೆ ನಲವತ್ತರಿಂದಲೇ ತಪ್ಪದೆ ತಪಾಸಣೆ ಮಾಡಿಸಬೇಕು. ವಿಧಿಸಿದ ಹನಿಗಳನ್ನು ‘ಈಗ ವಾಸಿಯಾಯಿತು’ ಎಂದು ನಿಲ್ಲಿಸಬಾರದು. ಕಣ್ಣು ಕೆಂಪಾಗಿ, ತೀವ್ರ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಪಿತ್ತವೆಂದು ಮಲಗದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಔಷಧದಂಗಡಿಯಿಂದ ತಾವಾಗಿಯೇ ಸ್ಟೆರಾಯ್ಡ್ ಹನಿಗಳನ್ನು ತಂದು ಹಾಕಿಕೊಳ್ಳುವುದು ಕಣ್ಣಿನ ಒತ್ತಡವನ್ನು ಹೆಚ್ಚಿಸಬಹುದು.

ಮಧುಮೇಹಿಗಳಿಗೆ ದೃಷ್ಟಿ ಚೆನ್ನಾಗಿದ್ದರೂ ಅಕ್ಷಿಪಟಲದ ರಕ್ತನಾಳಗಳು ಕೆಡುತ್ತಿರಬಹುದು. ವರ್ಷಕ್ಕೊಮ್ಮೆ ಪಾಪೆಯನ್ನು ಹಿಗ್ಗಿಸಿ ಪರೀಕ್ಷಿಸಬೇಕು. ಆ ಹನಿಯ ಅನಂತರ ಕೆಲವು ಗಂಟೆ ಮಬ್ಬು ಇರುವುದರಿಂದ ವಾಹನ ನಡೆಸದೆ ಜೊತೆಗೊಬ್ಬರನ್ನು ಕರೆದೊಯ್ಯುವುದು ಲೇಸು. ಧೂಮಪಾನವು ಪೊರೆಗೂ ಅಕ್ಷಿಪಟಲದ ಸವೆತಕ್ಕೂ ನೆರವಾಗುತ್ತದೆ, ಬಿಡುವುದೇ ಮೇಲು.

ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚಿಡುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಒಂದೊಂದೇ ಕಣ್ಣನ್ನು ಮುಚ್ಚಿ ಗೋಡೆಯ ಕ್ಯಾಲೆಂಡರನ್ನೂ ಬಾಗಿಲ ಚೌಕಟ್ಟನ್ನೂ ನೋಡಬೇಕು. ನೇರ ಗೆರೆ ಡೊಂಕಾಗಿ ಕಂಡರೆ ತಡಮಾಡದೆ ತಜ್ಞರನ್ನು ಕಾಣಬೇಕು.

ಊರು ಬಿಟ್ಟು ಮಹಾನಗರದ ಮಗನ ಮನೆಗೆ ಬಂದ ವೃದ್ಧ ತಾಯಿಯು, ಮಕ್ಕಳಿಗೇಕೆ ತೊಂದರೆ ಎಂದು, ಕಾಣದ್ದನ್ನು ಕಾಣುವಂತೆ ನಟಿಸುವುದುಂಟು. ಅನ್ಯಭಾಷೆಯ ವೈದ್ಯರ ಮುಂದೆ ಆಕೆಗೆ ಮಾತೂ ಹೊರಡದು. ಅಕ್ಕಿ ಆರಿಸುವಾಗ ಆಕೆ ಕಲ್ಲು ಉಳಿಸಿದರೆ, ಹಾಲನ್ನು ಲೋಟದ ಹೊರಗೆ ಸುರಿದರೆ, ಗದರುವ ಬದಲು ಕೈಹಿಡಿದು ತಪಾಸಣೆಗೆ ಕರೆದೊಯ್ದು, ಆಕೆಯ ಕನ್ನಡವನ್ನು ವೈದ್ಯರಿಗೆ ತಿಳಿಸಿ ಹೇಳುವುದು ಮನೆಯವರ ಕರ್ತವ್ಯ.