ಮೂರು ಲಾರಿಗೆ ನಿಂತವರು, ಐದು ಸಾವಿರ ದಾಟಿದವರು

ಪ್ರಶ್ನೆ: ನಮ್ಮ ಮಂಕಿ ಕಡೆ ತಂದೆ-ಮಕ್ಕಳು ಸೇರಿ ಲಾರಿ ಓಡಿಸಿಕೊಂಡು ಬಂದ ಮನೆಗಳಿವೆ. ಹಗಲು ರಾತ್ರಿ ದುಡಿದರೂ ಎರಡು ಮೂರು ಗಾಡಿಗಿಂತ ಮೇಲೆ ಹೋದವರು ಕಡಿಮೆ. ಗದಗಿನಲ್ಲಿ ಒಂದೇ ಲಾರಿಯಿಂದ ಶುರು ಮಾಡಿದ ವಿಜಯ ಸಂಕೇಶ್ವರರು ವಿಆರ್‌ಎಲ್ ಎಂಬ ದೊಡ್ಡ ಸಾರಿಗೆ ಕಂಪನಿ ಕಟ್ಟಿದರು. ಇದು ಅದೃಷ್ಟವೋ, ಬಂಡವಾಳವೋ, ಬೇರೇನೋ?
(ಓದುಗರೊಬ್ಬರು, ಮಂಕಿ, ಹೊನ್ನಾವರ ತಾಲೂಕು)

ಉತ್ತರ: ಅದೃಷ್ಟ ಇಲ್ಲವೆನ್ನಲಾರೆ. ಆದರೆ ಲಾರಿ ಇಟ್ಟುಕೊಳ್ಳುವ ಕಸುಬು ಬೇರೆ, ಟ್ರಾನ್ಸ್‌ಪೋರ್ಟ್ ನಡೆಸುವ ಕಸುಬು ಬೇರೆ. ನಿಮ್ಮೂರ ಮನೆಗಳು ಮೊದಲನೆಯದರಲ್ಲಿದ್ದವು. ಸಂಕೇಶ್ವರರು ಬೇಗನೆ ಎರಡನೆಯದಕ್ಕೆ ದಾಟಿದರು.

ಒಂದು ಲಾರಿಯವನ ಲೆಕ್ಕ ನೋಡಿ. ಹೊನ್ನಾವರದಿಂದ ತೆಂಗಿನಕಾಯಿ ಲೋಡು ಹುಬ್ಬಳ್ಳಿಗೆ ಹೋಯಿತು ಎನ್ನಿ. ಇಡೀ ಲೋಡು ಒಬ್ಬನೇ ವ್ಯಾಪಾರಿಯದು, ಬಾಡಿಗೆ ಅವನು ಹೇಳಿದ್ದೇ. ಇಳಿಸಿದ ಮೇಲೆ ರಿಟರ್ನ್ ಲೋಡು ಬೇಕು. ಬ್ರೋಕರ್ ಆಫೀಸಿನ ಮುಂದೆ ಒಂದು ದಿನ, ಎರಡು ದಿನ ಕಾಯಬೇಕು. ಸಿಕ್ಕ ಬಾಡಿಗೆಯಲ್ಲಿ ಬ್ರೋಕರ್ ಕಮಿಷನ್ ಹೋಗುತ್ತದೆ. ಕಾಯಲಾಗದೆ ಖಾಲಿ ಇಳಿದರೆ ಹೋಗುವಾಗಿನ ಲಾಭವನ್ನು ಬರುವಾಗಿನ ಡೀಸೆಲ್ ತಿನ್ನುತ್ತದೆ. ಎರಡನೇ ಲಾರಿ ತಂದರೆ ಈ ಕಷ್ಟವೂ ಎರಡಾಗುತ್ತದೆ ಅಷ್ಟೇ. ನಮ್ಮ ದೇಶದ ಲಾರಿ ಮಾಲೀಕರಲ್ಲಿ ಬಹುಪಾಲು ಜನ ಐದಕ್ಕಿಂತ ಕಡಿಮೆ ಗಾಡಿ ಇರುವವರು. ಹಾಗಾಗಿ ಮಂಕಿಯವರು ಸೋತವರೇನಲ್ಲ, ಎಲ್ಲರಂತೆ ಇದ್ದವರು.

ಸಂಕೇಶ್ವರರ ಮನೆತನದ್ದು ಗದಗಿನಲ್ಲಿ ಮುದ್ರಣ, ಪ್ರಕಾಶನದ ವ್ಯವಹಾರ. ಅದನ್ನು ಬಿಟ್ಟು 1976ರಲ್ಲಿ ಅವರು ಲಾರಿ ತಂದಾಗ ಮೊದಮೊದಲು ಕೈಸುಟ್ಟುಕೊಂಡದ್ದೂ ಇದೆ. ಅಲ್ಲಿಂದ ಅವರು ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಲ್ಲಿ ತಳ ಊರಿದರು. ಒಬ್ಬರ ಫುಲ್ ಲೋಡಿಗಿಂತ ಹಲವರ ಬಿಡಿ ಸರಕಿಗೆ, ಅಂದರೆ ಪಾರ್ಸಲ್ಲಿಗೆ, ಹೆಚ್ಚು ಒತ್ತು ಕೊಟ್ಟರು. 1983ರಲ್ಲಿ ವಿಜಯಾನಂದ ರೋಡ್‌ಲೈನ್ಸ್ ಪ್ರೈವೇಟ್ ಲಿಮಿಟೆಡ್ ನೋಂದಣಿಯಾಯಿತು; ಇಂದಿನ ವಿಆರ್‌ಎಲ್ ಅದೇ. ಬೆಳವಣಿಗೆಯ ಗುಟ್ಟು ಇರುವುದು ಈ ಪಾರ್ಸಲ್ಲಿನಲ್ಲೇ ಎಂದು ನನ್ನ ಎಣಿಕೆ.

ಮಂಕಿಯ ಬಟ್ಟೆ ಅಂಗಡಿಯೊಂದಕ್ಕೆ ಸೂರತ್ತಿನಿಂದ ಸೀರೆ ಬೇಲು ಬರಬೇಕಾಗಿದೆ ಎಂದುಕೊಳ್ಳಿ. ಅಲ್ಲಿನ ಬುಕಿಂಗ್ ಆಫೀಸಿನಲ್ಲಿ ಗುಮಾಸ್ತ ಎಲ್.ಆರ್., ಅಂದರೆ ಲಾರಿ ರಸೀದಿ, ಬರೆಯುತ್ತಾನೆ: ಕಳಿಸಿದವರು, ಪಡೆಯುವವರು, ಎಷ್ಟು ನಗ (ಕಟ್ಟು), ಎಷ್ಟು ತೂಕ, ಬಾಡಿಗೆ ಪೇಯ್ಡೋ (ಕಳಿಸುವಾಗಲೇ ಕೊಟ್ಟದ್ದು) ಟು ಪೇಯೋ (ಪಡೆಯುವವರು ಕೊಡಬೇಕಾದದ್ದು). ಗೋಣಿತಾಟು ಹೊಲಿದ ಬೇಲಿನ ಮೇಲೆ ಎಲ್.ಆರ್. ನಂಬರೂ ಊರಿನ ಗುರುತೂ ಬೀಳುತ್ತದೆ. ಅದೇ ಲಾರಿಯಲ್ಲಿ ದಾವಣಗೆರೆ, ಗದಗ, ಶಿರಸಿ, ಕುಮಟಾಗಳ ಬೇಲುಗಳೂ ಇರುತ್ತವೆ. ಎಲ್ಲವೂ ಹುಬ್ಬಳ್ಳಿಯಂಥ ದೊಡ್ಡ ಕೇಂದ್ರದ ಗೋಡೌನಿನಲ್ಲಿ ಇಳಿದು, ಹಮಾಲರ ಕೈಯಲ್ಲಿ ಊರೂರಿನ ರಾಶಿಯಾಗಿ, ಮತ್ತೆ ಬೇರೆ ಬೇರೆ ಗಾಡಿ ಹತ್ತುತ್ತವೆ. ನಿಮ್ಮ ಬೇಲು ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಹೊನ್ನಾವರ ಸೇರುತ್ತದೆ. ಅಂಚೆಯವರು ಪತ್ರ ವಿಂಗಡಿಸುವ ಕ್ರಮವೇ ಇದು, ತೂಕ ಮಾತ್ರ ಕ್ವಿಂಟಲ್‌ಗಟ್ಟಲೆ.

ಇದರಿಂದ ಏನಾಯಿತು? ಒಂದು ಲಾರಿಯೊಳಗೆ ನೂರಾರು ಗಿರಾಕಿಗಳು. ಯಾರೊಬ್ಬನೂ ಬಾಡಿಗೆ ಇಳಿಸೆಂದು ಕುತ್ತಿಗೆಗೆ ಕೂರಲಾರ. ಕಿಲೋ ಲೆಕ್ಕದಲ್ಲಿ ಬಾಡಿಗೆ ಫುಲ್ ಲೋಡಿಗಿಂತ ಜಾಸ್ತಿ. ರಿಟರ್ನ್ ಲೋಡನ್ನು ಆ ಊರಿನ ಸ್ವಂತ ಆಫೀಸೇ ಕೂಡಿಸಿಟ್ಟಿರುತ್ತದೆ. ಹೊಸ ಊರಿನಲ್ಲಿ ಒಂದು ಆಫೀಸು ತೆರೆದರೆ ಹಳೆಯ ಊರುಗಳಿಗೆಲ್ಲ ಒಂದೊಂದು ಹೊಸ ಮಾರ್ಗ ಸಿಕ್ಕಂತೆ. ಆದರೆ ಗೋಡೌನು, ಗುಮಾಸ್ತ, ಹಮಾಲಿ, ಕಳೆದುಹೋದ ನಗದ ಜಗಳ ಇವೆಲ್ಲ ಮೊದಲ ದಿನದಿಂದಲೇ ಖರ್ಚು. ಲಾಭ ಬರುವುದು ಜಾಲ ಹರಡಿದ ಮೇಲೆ. ಆ ನಡುವಿನ ವರ್ಷಗಳನ್ನು ತಡೆದುಕೊಳ್ಳುವುದಕ್ಕೇ ನೀವು ಕೇಳಿದ ಬಂಡವಾಳ, ಎದೆಗಾರಿಕೆ ಎರಡೂ ಬೇಕಾಗುವುದು.

ಕಾಲವೂ ಕೂಡಿಬಂತು. 1988ರ ಮೋಟಾರು ವಾಹನ ಕಾಯ್ದೆ ಮರುವರ್ಷ ಜುಲೈಯಲ್ಲಿ ಜಾರಿಯಾಗಿ ಪರ್ಮಿಟ್ ಪಡೆಯುವುದು ಸಲೀಸಾಯಿತು. ಸಂಕೇಶ್ವರರು 1992ರಲ್ಲಿ ಕೊರಿಯರ್, 1996ರಲ್ಲಿ ಬಸ್ಸು ಶುರು ಮಾಡಿದರು. ಗಾಡಿ ಹೆಚ್ಚಿದಂತೆ ಹುಬ್ಬಳ್ಳಿ ಹತ್ತಿರದ ವರೂರಿನಲ್ಲಿ ಸ್ವಂತ ವರ್ಕ್‌ಶಾಪು, ಅಲ್ಲೇ ಬಾಡಿ ಕಟ್ಟುವುದು, ಬಿಡಿಭಾಗಗಳ ನೇರ ಖರೀದಿ. ಹೊರಗಿನ ಗ್ಯಾರೇಜಿಗೆ ಹೋಗುವ ದುಡ್ಡು ಮನೆಯಲ್ಲೇ ಉಳಿಯಿತು. ಅವರೇ ಶುರು ಮಾಡಿದ ವಿಜಯ ಕರ್ನಾಟಕ ದಿನಪತ್ರಿಕೆಯ ಯಶಸ್ಸನ್ನೂ ನಾನು ಈ ಲೆಕ್ಕಕ್ಕೇ ಸೇರಿಸುತ್ತೇನೆ. ರಾತ್ರಿ ಅಚ್ಚಾದದ್ದನ್ನು ಬೆಳಗಾಗುವುದರೊಳಗೆ ಹಳ್ಳಿಗೆ ಮುಟ್ಟಿಸುವುದು ಪಾರ್ಸಲ್ ಕೆಲಸವಲ್ಲದೆ ಮತ್ತೇನು? 2006ರಲ್ಲಿ ಅದನ್ನು ಟೈಮ್ಸ್ ಸಮೂಹಕ್ಕೆ ಮಾರಿದರು. 2012ರಲ್ಲಿ ವಿಜಯವಾಣಿ ಎಂಬ ಇನ್ನೊಂದು ಪತ್ರಿಕೆ ತಂದರು.

ಮಗ ಆನಂದ ಸಂಕೇಶ್ವರ ಆಡಳಿತದಲ್ಲಿ ಜೊತೆಯಾದರು. 2015ರ ಏಪ್ರಿಲ್‌ನಲ್ಲಿ ಕಂಪನಿಯ ಷೇರು 205 ರೂಪಾಯಿಗೆ ಸಾರ್ವಜನಿಕರ ಕೈಗೆ ಬಂತು. ಆಮೇಲೆ ಬಸ್ಸಿನ ವ್ಯವಹಾರವನ್ನು ಬೇರ್ಪಡಿಸಿ ಸರಕು ಸಾಗಣೆಯನ್ನಷ್ಟೇ ಉಳಿಸಿಕೊಂಡರು. ಇಂದು ಐದು ಸಾವಿರಕ್ಕೂ ಹೆಚ್ಚು ಸ್ವಂತ ಗಾಡಿಗಳಿವೆ.

ಇನ್ನು ನಿಮ್ಮೂರಿನ ಮಾತು. 1999ರಲ್ಲಿ ಶುರುವಾದ ಕೊಂಕಣ ರೈಲ್ವೆಯ ರೋ-ರೋ ಗಾಡಿಯಲ್ಲಿ ಲೋಡಾದ ಲಾರಿಗಳು ವ್ಯಾಗನ್ ಮೇಲೆ ಸಾಲಾಗಿ ನಿಂತು, ಡ್ರೈವರ್ ಕ್ಲೀನರ್ ಕ್ಯಾಬಿನ್ನಿನಲ್ಲೇ ಕಾಲು ಚಾಚಿಕೊಂಡು, ಮಂಕಿ ಸ್ಟೇಷನ್ ದಾಟಿ ಹೋಗುವುದನ್ನು ನೀವು ಕಂಡಿರಬಹುದು. ಅದರಿಂದ ಡೀಸೆಲ್ಲೂ ಟೈರೂ ಉಳಿಯುತ್ತವೆ, ಲೋಡು ಮಾತ್ರ ನಾವೇ ಹುಡುಕಬೇಕು. ಜಾಲ ಇದ್ದವರಿಗೂ ಇಲ್ಲದವರಿಗೂ ಇರುವ ವ್ಯತ್ಯಾಸ ರಸ್ತೆ ಕೆಟ್ಟಾಗ ಇನ್ನೂ ಚೆನ್ನಾಗಿ ತಿಳಿಯುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಬಂದಾಯಿತು. ಜಾಲ ಇದ್ದವರು ಬೇರೆ ಘಟ್ಟದಿಂದ ಸರಕು ಇಳಿಸಬಲ್ಲರು, ಗಾಡಿಗಳನ್ನು ಬೇರೆ ಮಾರ್ಗಕ್ಕೆ ಹಾಕಬಲ್ಲರು. ಒಂದೇ ಗಾಡಿಯವನದು ನಿಂತರೆ ನಿಂತಿತು.

ಹಾಗೆಂದು ಎಲ್ಲ ಸರಕೂ ದೊಡ್ಡ ಗೋಡೌನಿಗೆ ಹೋಗುವಂಥದ್ದಲ್ಲ. ಭಟ್ಕಳದ ಮಲ್ಲಿಗೆ, ಹೊನ್ನಾವರದ ವೀಳ್ಯದೆಲೆ, ಬಂದರಿನ ಹಸಿ ಮೀನು ವಿಂಗಡಣೆಗೆಂದು ಕಾಯುತ್ತ ಕೂತರೆ ಹಾಳು. ಮಂಜುಗಡ್ಡೆ ತುಂಬಿದ ಮೀನು ಗಾಡಿ ನಸುಕಿನ ಮಾರುಕಟ್ಟೆಗೆ ತಲುಪಲೇಬೇಕು. ದಾರಿ, ಏಜೆಂಟು, ಹೊತ್ತು ಮೂರನ್ನೂ ಬಲ್ಲ ಮನೆಯವನೇ ಸ್ಟೀರಿಂಗ್ ಹಿಡಿದಿರುವುದು ಅಲ್ಲಿ ಲಾಭ. ದೊಡ್ಡ ಕಂಪನಿಗೆ ಇದು ಒಗ್ಗುವ ವ್ಯಾಪಾರವಲ್ಲ. ನಿಮ್ಮ ಮನೆಯವರು ಈಗಲೂ ಲಾರಿ ಕೊಳ್ಳುವ ಯೋಚನೆಯಲ್ಲಿದ್ದರೆ ನಾನು ತೋರಿಸುವ ದಾರಿ ಇದೇ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಸಾಲ ಮಾಡುವಾಗ ಹತ್ತು ತಿಂಗಳ ದುಡಿಮೆಯಲ್ಲಿ ಹನ್ನೆರಡು ಕಂತು ಏಳುತ್ತದೆಯೇ ಎಂದು ಕೂಡಿ ಕಳೆದು ನೋಡಿ, ಆಮೇಲೆ ಸಹಿ ಹಾಕಿ.