ಸಣ್ಣ ಸರ್ವೋದಿಂದ ಹೆಚ್ಚಿನ ಬಲ: ಫಿಲಮೆಂಟ್ ವೈಂಡರ್ ಕಲಿಸುವ ಪಾಠ

ಮೂರು ಆಯಾಮದ ಮುದ್ರಣಕ್ಕೆ ಬೇಕಾಗುವ 1.75 ಮಿ.ಮೀ. ದಪ್ಪದ ಪ್ಲಾಸ್ಟಿಕ್ ತಂತುವನ್ನು (ಫಿಲಮೆಂಟ್), ಪ್ಲಾಸ್ಟಿಕ್ ಕರಗಿಸಿ ಹೊರದೂಡುವ ಎಕ್ಸ್‌ಟ್ರೂಡರಿನಿಂದ ಬರುತ್ತಿದ್ದಂತೆಯೇ ಸ್ಪೂಲಿಗೆ ಸುತ್ತುವ ಯಂತ್ರವನ್ನು ವೈಂಡರ್ ಎನ್ನುತ್ತಾರೆ. ಅದರಲ್ಲಿ ತಂತುವನ್ನು ಸ್ಪೂಲಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಡೆಸಿ, ಸುತ್ತುಗಳನ್ನು ಒತ್ತೊತ್ತಾಗಿ ಕೂರಿಸುವ ಭಾಗವೇ ಗೈಡ್. ಗೋವಾದ ಪಿಲೇರ್ಣ ಕೈಗಾರಿಕಾ ವಸಾಹತಿನಲ್ಲಿ ಕಿನೆಕೊ ಸಂಸ್ಥೆಯೊಡನೆ ಸಂಯುಕ್ತ ವಸ್ತುಗಳ ಕಸುಬು ಬೆಳೆದಿದೆ. ಅಂಥ ಕಸುಬಿನಲ್ಲಿ ಗಾಜಿನ ನಾರನ್ನು ರಾಳದಲ್ಲಿ ಅದ್ದಿ ಸುತ್ತುವ ದೊಡ್ಡ ವೈಂಡರುಗಳಲ್ಲಿ ಗೈಡಿನ ಕೆಲಸವನ್ನು ಬಲಿಷ್ಠ ಮೋಟಾರು ನಡೆಸುವ ಕ್ಯಾರೇಜ್ ಮಾಡಿದರೆ, ಮೇಜಿನ ಮೇಲಿನ ಸಣ್ಣ ವೈಂಡರಿನಲ್ಲಿ ಆಟಿಕೆ ವಿಮಾನದ ರೆಕ್ಕೆ ಅಲುಗಿಸುವಂಥ, ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಸರ್ವೋ ಮೋಟಾರು ಅದನ್ನು ಹೊರಬೇಕಾಗುತ್ತದೆ. ಗೈಡು ನಡುವೆಯೇ ತಡವರಿಸಿ ನಿಂತಾಗ ಇನ್ನೂ ದೊಡ್ಡ ಸರ್ವೋ ತರಬೇಕೆಂದು ಅನ್ನಿಸುವುದು ಸಹಜ. ಆದರೆ ಇಂಥ ಯಂತ್ರಗಳನ್ನು ಕಟ್ಟಿ ದುಡಿಸಿದ ಅನುಭವ ಹೇಳುವುದೇ ಬೇರೆ.

ಸರ್ವೋದ ಶಕ್ತಿಯನ್ನು ಭ್ರಮಣಬಲದಲ್ಲಿ, ಅಂದರೆ ಬಲವನ್ನು ತೋಳಿನ ಉದ್ದದಿಂದ ಗುಣಿಸಿದ ಗುಣಲಬ್ಧದಲ್ಲಿ ಅಳೆಯುತ್ತಾರೆ. ಲೋಹದ ಹಲ್ಲುಚಕ್ರಗಳಿರುವ ಎಂಜಿ90ಎಸ್ ಸರ್ವೋ 4.8 ವೋಲ್ಟಿನಲ್ಲಿ ಸುಮಾರು 1.8 ಕೆ.ಜಿ.-ಸೆಂ.ಮೀ. ಕೊಡುತ್ತದೆ. ಸ್ಪೂಲಿನ ಅಗಲ 60 ಮಿ.ಮೀ. ಇದ್ದು, 180 ಡಿಗ್ರಿ ತಿರುಗುವ ತೋಳಿನ ಗೂಟ ಗೈಡಿನ ಸೀಳಿನಲ್ಲಿ ಓಡುವಂತಿದ್ದರೆ ತೋಳು 30 ಮಿ.ಮೀ. ಉದ್ದವಿರಬೇಕಾಗುತ್ತದೆ, ಆಗ ಪಥದ ನಡುವಿನಲ್ಲಿ ಸಿಗುವ ಬಲ 600 ಗ್ರಾಂ ತೂಕದಷ್ಟು ಮಾತ್ರ. ಅಂಚುಗಳ ಹತ್ತಿರ ಬಲ ಏರುವುದಾದರೂ ಅಲ್ಲಿ ವೇಗ ಕುಗ್ಗುವುದರಿಂದ, ಕೋನವನ್ನು ಸಮಸಮನಾಗಿ ಹೆಚ್ಚಿಸುತ್ತ ಹೋದರೆ ಸುತ್ತುಗಳು ಅಂಚಿನಲ್ಲಿ ಗುಡ್ಡೆಯಾಗುತ್ತವೆ. ಅದೇ ಸರ್ವೋಗೆ ಸುಮಾರು 19 ಮಿ.ಮೀ. ತ್ರಿಜ್ಯದ ಹಲ್ಲುಚಕ್ರ ಹಾಕಿ ಹಲ್ಲುಪಟ್ಟಿಯನ್ನು ನಡೆಸಿದರೆ ಅರ್ಧ ಸುತ್ತಿನಲ್ಲೇ 60 ಮಿ.ಮೀ. ಪಥ ಪೂರ್ಣಗೊಳ್ಳುತ್ತದೆ, ಬಲವೂ ಉದ್ದಕ್ಕೂ ಸುಮಾರು 940 ಗ್ರಾಂ ಆಗಿ ಒಂದೇ ಮಟ್ಟದಲ್ಲಿ ಉಳಿಯುತ್ತದೆ. ಇವೆಲ್ಲ ಸರ್ವೋ ಸಿಕ್ಕಿಬಿದ್ದು ನಿಲ್ಲುವ ಹಂತದ ಅಂಕಿಗಳು. ನಿತ್ಯದ ದುಡಿಮೆಗೆ ಇವುಗಳ ಮೂರನೇ ಒಂದು ಭಾಗವನ್ನಷ್ಟೇ ನೆಚ್ಚುವುದು ಕ್ಷೇಮ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ವೇಗ. ತಂತು ನಿಮಿಷಕ್ಕೆ ಒಂದು ಮೀಟರ್ ಬಂದರೂ, 80 ಮಿ.ಮೀ. ವ್ಯಾಸದ ಖಾಲಿ ಸ್ಪೂಲು ನಿಮಿಷಕ್ಕೆ ನಾಲ್ಕು ಸುತ್ತು ತಿರುಗುತ್ತದೆ, ಒಂದು ಪದರಕ್ಕೆ ಬೇಕಾದ ಸುಮಾರು 34 ಸುತ್ತುಗಳಿಗೆ ಎಂಟು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಒಂದು ಸೆಕೆಂಡಿನೊಳಗೆ ಆ ದೂರ ದಾಟಬಲ್ಲ ಸರ್ವೋದ ವೇಗವೆಲ್ಲ ಹೀಗೆ ವ್ಯರ್ಥವಾಗುತ್ತಿರುವಾಗ, ಅದನ್ನು ಬಲವಾಗಿ ಮಾರ್ಪಡಿಸಿಕೊಳ್ಳುವುದೇ ವಿವೇಕ. ಅಷ್ಟೇ ಭ್ರಮಣಬಲದ, ನಿರಂತರ ತಿರುಗುವ ಬಗೆಯ ಸರ್ವೋಗೆ, ಸುತ್ತಿಗೆ 8 ಮಿ.ಮೀ. ಮುನ್ನಡೆಸುವ ತಿರುಪು ಸರಳನ್ನು ಜೋಡಿಸಿದರೆ, ಘರ್ಷಣೆ ಮುಕ್ಕಾಲು ಪಾಲನ್ನು ತಿಂದರೂ ಸುಮಾರು ಮೂರೂವರೆ ಕೆ.ಜಿ. ಬಲ ಉಳಿಯುತ್ತದೆ. ಆದರೆ ಆ ಬಗೆಯ ಸರ್ವೋ ತಾನೆಲ್ಲಿದ್ದೇನೆಂದು ಅರಿಯಲಾರದ ಕಾರಣ, ಎರಡು ತುದಿಗಳಲ್ಲೂ ಮಿತಿ ಸ್ವಿಚ್ಚುಗಳು ಅನಿವಾರ್ಯ.

ಬಲವನ್ನು ಹೆಚ್ಚಿಸುವಷ್ಟೇ ಹೊರೆಯನ್ನು ಇಳಿಸುವುದೂ ಮುಖ್ಯ. ಗೈಡಿನ ತಿರುಗದ ಕಣ್ಣಿನ (ರಂಧ್ರದ) ಮೂಲಕ ತಂತು 90 ಡಿಗ್ರಿ ಬಾಗಿ ಬಂದರೆ, ಘರ್ಷಣಾಂಕ 0.3 ಇದ್ದಾಗ ಅದರ ಎಳೆತ 1.6 ಪಟ್ಟಾಗುತ್ತದೆ. ಬಾಗು ಇಲ್ಲದ ನೇರ ದಾರಿ ಒದಗಿಸಿ, ಕಣ್ಣಿನ ಬದಲು ಬೇರಿಂಗಿನ ಮೇಲೆ ತಿರುಗುವ ಗಾಲಿ ಇಟ್ಟರೆ ಆ ಹೆಚ್ಚುವರಿ ಎಳೆತವನ್ನು ಬಹುಪಾಲು ತಪ್ಪಿಸಬಹುದು. ವಿದ್ಯುತ್ತಿನ ವಿಷಯದಲ್ಲಿಯೂ ಅಷ್ಟೆ: ನಿಯಂತ್ರಕದ ಹಲಗೆಯಿಂದಲೇ ವಿದ್ಯುತ್ ಪಡೆಯುವ ಸರ್ವೋ ಹೊರೆ ಬಿದ್ದೊಡನೆ ವೋಲ್ಟೇಜ್ ಕುಸಿದು ಸೊರಗುತ್ತದೆ, 6 ವೋಲ್ಟಿನ ಪ್ರತ್ಯೇಕ ಪೂರೈಕೆ ಕೊಟ್ಟರೆ ಮೇಲೆ ಹೇಳಿದ ಸರ್ವೋವೇ ಸುಮಾರು 2.2 ಕೆ.ಜಿ.-ಸೆಂ.ಮೀ. ಕೊಡುತ್ತದೆ.

ಗೋವಾದ ಕಡಲ ಗಾಳಿ ಇವೆಲ್ಲಕ್ಕೆ ಇನ್ನೊಂದು ಹೊರೆಯನ್ನು ಸೇರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಗೈಡು ಜಾರುವ ಉಕ್ಕಿನ ಸರಳುಗಳಿಗೆ ತುಕ್ಕು ಹಿಡಿದು ಘರ್ಷಣೆ ಏರುವುದರಿಂದ, ಬೇಸಿಗೆಯಲ್ಲಿ ಸಲೀಸಾಗಿ ಓಡುತ್ತಿದ್ದ ಯಂತ್ರವೇ ಆಗ ದುರ್ಬಲವಾದಂತೆ ಕಾಣುತ್ತದೆ. ತಂತು ತಯಾರಿಸಲು ಬಳಸುವ ಪ್ಲಾಸ್ಟಿಕ್ ಹರಳುಗಳು ತೇವ ಹೀರಿದ್ದರೆ ಕರಗುವಾಗ ಆವಿಯ ಗುಳ್ಳೆಗಳೆದ್ದು ತಂತುವಿನ ದಪ್ಪ ಏರುಪೇರಾಗುತ್ತದೆ, ದಪ್ಪನೆಯ ಭಾಗ ಗೈಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ನೈಲಾನಿನಲ್ಲಿ ಇದು ವಿಶೇಷವಾಗಿ ತೊಡಕು. ಆದ್ದರಿಂದ ಕರಾವಳಿಯ ಕಾರ್ಯಾಗಾರದಲ್ಲಿ ತುಕ್ಕು ಹಿಡಿಯದ ಉಕ್ಕಿನ ಸರಳು, ಪ್ಲಾಸ್ಟಿಕ್ ಬುಶ್ಶು ಮತ್ತು ಮೊದಲೇ ಒಣಗಿಸಿದ ಹರಳುಗಳನ್ನು ಸರ್ವೋದ ಆಯ್ಕೆಗಿಂತ ಮುಂಚೆಯೇ ನಿಶ್ಚಯಿಸಿಕೊಳ್ಳಬೇಕಾಗುತ್ತದೆ.