ಬಿಸಿಲ ಸೀಮೆಯಲ್ಲಿ ದೇಹದ ದುಡಿಮೆ

ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿ, ರಾಯಚೂರು ಸೀಮೆಯಲ್ಲಿ ನಡುಮಧ್ಯಾಹ್ನ ಜನರನ್ನು ಆವರಿಸುವ ಜಡತೆಯನ್ನು ಹೊರಗಿನಿಂದ ಬಂದವರು ಮೈಗಳ್ಳತನವೆಂದು ಬಗೆಯುವುದುಂಟು. ದೇಹದ ಒಳಗಿನ ದುಡಿಮೆಯನ್ನು ಅರಿಯದೆ ಕೊಟ್ಟ ಈ ತೀರ್ಪು ಅನ್ಯಾಯದ್ದು. ದೇಹವು ತನ್ನ ಒಳಗಿನ ಉಷ್ಣಾಂಶವನ್ನು 37 ಡಿಗ್ರಿಯ ಆಸುಪಾಸಿನಲ್ಲೇ ಕಾಯ್ದುಕೊಳ್ಳಬೇಕಾದ್ದರಿಂದ, ಶಾಖವನ್ನು ಹೊರಹಾಕಲು ಸುಮ್ಮನೆ ಕುಳಿತವರ ಹೃದಯವೂ ಹೆಚ್ಚಿನ ರಕ್ತವನ್ನು ಚರ್ಮದತ್ತ ನೂಕುತ್ತದೆ. ಅವರೇ ಎದ್ದು ಗುದ್ದಲಿ ಹಿಡಿದರೆ ಸ್ನಾಯುಗಳೂ ಅದೇ ರಕ್ತವನ್ನು ಬೇಡುತ್ತವೆ. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ಕಾಲು ಪಾಲು ಮಾತ್ರ ಕೆಲಸವಾಗಿ ಮಿಕ್ಕಿದ್ದೆಲ್ಲ ಶಾಖವಾಗುವುದರಿಂದ ಹೊರೆ ಇಮ್ಮಡಿಸುತ್ತದೆ, ನಾಡಿಬಡಿತ ಏರುತ್ತದೆ, ಕೊನೆಗೆ ಮೆದುಳೇ ಕೆಲಸದ ವೇಗವನ್ನು ತಗ್ಗಿಸುತ್ತದೆ. ದಣಿವೆಂದರೆ ಇಲ್ಲಿ ದೇಹದ ರಕ್ಷಣಾಕ್ರಮ.

ಗಾಳಿಯ ಉಷ್ಣಾಂಶವು ಸುಮಾರು 35 ಡಿಗ್ರಿಯಷ್ಟಿರುವ ಚರ್ಮದ ಉಷ್ಣಾಂಶವನ್ನು ಮೀರಿದಾಗ ದೇಹವನ್ನು ತಣಿಸಲು ಉಳಿಯುವ ದಾರಿ ಬೆವರೊಂದೇ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋ ಕ್ಯಾಲರಿ ಶಾಖ ಹೊರಹೋಗುತ್ತದೆ. ಮೈಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಆ ಪ್ರಯೋಜನವಿಲ್ಲ. ಕರಾವಳಿಯಲ್ಲಿ ಬೆಳೆದು ಕಲಬುರಗಿಯಲ್ಲಿ ನೆಲೆಸಿದ ಈ ಲೇಖಕಿಗೆ ಎರಡು ಬೇಸಿಗೆಗಳ ವ್ಯತ್ಯಾಸ ಮನದಟ್ಟಾದದ್ದು ಇದೇ ಕಾರಣದಿಂದ: ಮಂಗಳೂರಿನ ತೇವಭರಿತ ಸೆಖೆಯಲ್ಲಿ ಬೆವರು ಆರದೆ ಮೈಗಂಟಿ 34 ಡಿಗ್ರಿಯೇ ಅಸಹನೀಯವಾಗುತ್ತದೆ, ಕಲಬುರಗಿಯ ಒಣ ಧಗೆಯಲ್ಲಾದರೋ ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ಎಷ್ಟು ನೀರು ನಷ್ಟವಾಯಿತೆಂಬ ಅರಿವೇ ಆಗುವುದಿಲ್ಲ. ಎರಡನೆಯದು ಹೆಚ್ಚು ಮೋಸದ್ದು. ದೇಹತೂಕದ ಶೇ. 2ರಷ್ಟು, ಎಂದರೆ 60 ಕಿಲೋ ತೂಗುವವರಲ್ಲಿ ಒಂದು ಲೀಟರಿಗೆ ತುಸು ಮಿಕ್ಕಿದ ನೀರು ಕಳೆದುಹೋದರೂ ದುಡಿಯುವ ತ್ರಾಣ ಕುಗ್ಗುತ್ತದೆ.

ಕಳೆದುಹೋಗುವುದು ನೀರಷ್ಟೇ ಅಲ್ಲ, ಉಪ್ಪೂ ಹೌದು. ಉಪ್ಪು ಹಾಕಿದ ಮಜ್ಜಿಗೆ, ಜೋಳದ ನುಚ್ಚಿನೊಂದಿಗೆ ಕಲಸಿದ ಮಜ್ಜಿಗೆ, ಅಂಬಲಿ ಇವುಗಳು ಹೊಲದ ಬುತ್ತಿಯಲ್ಲಿ ಸ್ಥಾನ ಪಡೆದಿರುವುದರ ಹಿಂದೆ ತಲೆಮಾರುಗಳ ವಿವೇಕವಿದೆ. ಗಂಟೆಗಟ್ಟಲೆ ಬೆವರಿದವರು ಬರಿಯ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ತಗ್ಗಿ ತಲೆನೋವು, ವಾಕರಿಕೆ, ಗೊಂದಲ ತಲೆದೋರಬಹುದು. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆಯುಳ್ಳವರು ಉಪ್ಪಿನ ವಿಷಯದಲ್ಲಿ ವೈದ್ಯರ ಮಾತನ್ನೇ ಅನುಸರಿಸಬೇಕು.

ಬಿಸಿಲಿಗೆ ದೇಹ ಒಗ್ಗಿಕೊಳ್ಳುತ್ತದೆ, ಆದರೆ ಅದಕ್ಕೆ ಒಂದೆರಡು ವಾರಗಳು ಬೇಕು. ಆ ಅವಧಿಯಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಆರಂಭವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಹೀಗಾಗಿ ಬೇಸಿಗೆಯ ಮೊದಲ ದಿನಗಳು, ಹೊಸದಾಗಿ ಕೆಲಸಕ್ಕೆ ಸೇರಿದವರ ಮೊದಲ ದಿನಗಳು ಅತ್ಯಂತ ಅಪಾಯದವು. ಸರ್ಕಾರಿ ಕಚೇರಿಗಳ ವೇಳೆಯನ್ನು ಕಲಬುರಗಿ ವಿಭಾಗದಲ್ಲಿಯೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ಪದ್ಧತಿಯಿದೆ. ಇದು ಯುಕ್ತವಾದ ಕ್ರಮ. ಆದರೆ ಫ್ಯಾನಿನ ಕೆಳಗೆ ಕುಳಿತವರಿಗೆ ದೊರೆಯುವ ಈ ಅನುಕೂಲ ಇಟ್ಟಿಗೆ ಭಟ್ಟಿಯಲ್ಲಿ, ರಸ್ತೆಗೆ ಡಾಂಬರು ಹಾಕುವಲ್ಲಿ, ಕಲ್ಲುಗಣಿಯಲ್ಲಿ ದಿನಗೂಲಿಗೆ ದುಡಿಯುವವರಿಗೆ ದೊರೆಯದಿರುವುದು ನೋವಿನ ಸಂಗತಿ. ಅಳತೆಯ ಮೇಲೆ ಕೂಲಿ ನಿಗದಿಯಾದಲ್ಲಂತೂ ದೇಹ ನಿಲ್ಲೆಂದು ಹೇಳುತ್ತಿರುವಾಗಲೇ ಕೈ ಓಡಲೇಬೇಕಾಗುತ್ತದೆ.

ರಾತ್ರಿಯ ಪಾತ್ರವನ್ನು ಹೆಚ್ಚಿನವರು ಗಮನಿಸುವುದಿಲ್ಲ. ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣಾಂಶ ತುಸು ಇಳಿಯಬೇಕು. ಹಗಲೆಲ್ಲ ಕಾದ ಕಲ್ಲು, ಕಾಂಕ್ರೀಟ್ ಮನೆಗಳು ಇರುಳಿನಲ್ಲಿ ಶಾಖವನ್ನು ಬಿಡುಗಡೆ ಮಾಡುವುದರಿಂದ ಅದು ಸಾಧ್ಯವಾಗದೆ, ಮರುದಿನದ ದಣಿವು ಬೆಳಗಿನಲ್ಲೇ ಆರಂಭವಾಗುತ್ತದೆ. ಮಾಳಿಗೆಯ ಮೇಲೆ ಹಾಸಿಗೆ ಹಾಸುವ ರೂಢಿ ಸುಖಕ್ಕಾಗಿ ಹುಟ್ಟಿದ್ದಲ್ಲ.

ದಣಿದವರು ಮಾತು ತೊದಲಿದರೆ, ಗೊಂದಲಗೊಂಡರೆ ಅಥವಾ ಎಚ್ಚರ ತಪ್ಪಿದರೆ ಅದು ಉಷ್ಣಾಘಾತ, ಎಂದರೆ ಒಳಗಿನ ಉಷ್ಣಾಂಶ 40 ಡಿಗ್ರಿಗೇರಿ ಮೆದುಳಿಗೆ ಪೆಟ್ಟು ಬಿದ್ದ ಸ್ಥಿತಿಯಿರಬಹುದು. ಬೆವರು ಇನ್ನೂ ಹರಿಯುತ್ತಿದೆಯೆಂದು ಸಮಾಧಾನಪಟ್ಟುಕೊಳ್ಳದೆ, ಬಾಯಿಗೆ ನೀರು ಹಾಕದೆ, ನೆರಳಿಗೆ ಒಯ್ದು ಮೈತುಂಬ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಬೇಕು.